ಕಟ್ ಎಲ್ಲಿ ಬೀಳಬೇಕು? ಕಿರುಚಿತ್ರ, ಮ್ಯೂಸಿಕ್ ವಿಡಿಯೊಗೆ ಮೂಡ್ ತರುವ ಎಡಿಟಿಂಗ್

ಒಂದು ಶಾಟ್ ಇದೆ ಅಂದುಕೊಳ್ಳಿ. ಹುಡುಗಿಯೊಬ್ಬಳು ಮಾತು ಮುಗಿಸಿ ಮೊಬೈಲನ್ನು ಮೇಜಿನ ಮೇಲಿಡುತ್ತಾಳೆ. ಮೊಬೈಲ್ ಮೇಜಿಗೆ ತಾಗಿದ ತಕ್ಷಣ ಕಟ್ ಮಾಡಿದರೆ ನೋಡುವವರಿಗೆ ತಿಳಿಯುವುದು ಇಷ್ಟೇ: ಮಾತು ಮುಗಿಯಿತು. ಅದೇ ಶಾಟನ್ನು ಇನ್ನೆರಡು ಸೆಕೆಂಡ್ ಓಡಲು ಬಿಡಿ. ಅವಳ ಬೆರಳು ಮೊಬೈಲ್ ಮೇಲೇ ಉಳಿದಿದೆ. ಏನೋ ಆಗಿದೆ ಎಂದು ನಮಗೆ ಕಳವಳ ಶುರುವಾಗುತ್ತದೆ. ಮತ್ತೆರಡು ಸೆಕೆಂಡ್ ಬಿಟ್ಟರೆ, ಆ ಕೋಣೆಯಲ್ಲಿ ಅವಳು ಒಬ್ಬಳೇ ಇರುವುದು ಕಣ್ಣಿಗೆ ಬೀಳುತ್ತದೆ. ನಟನೆ ಅದೇ, ಬೆಳಕು ಅದೇ. ನಾವು ಆ ಶಾಟ್ ಬಿಟ್ಟು ಹೊರಟ ಹೊತ್ತು ಮಾತ್ರ ಬೇರೆ.

ಮೂಡ್ ಅಂದ ಕೂಡಲೇ ಜಾಸ್ತಿ ಜನ ಕಲರ್ ಫಿಲ್ಟರ್ ಹುಡುಕಲು ಹೋಗುತ್ತಾರೆ. ಅದು ಕೊನೆಯ ಕೆಲಸ. ಮೊದಲು ಕಟ್ ಸರಿಹೋಗಲಿ.

ಹಂತ 1: ಸುಮ್ನೆ ನೋಡಿ

ಶೂಟ್ ಮಾಡಿದ ಫೂಟೇಜ್ ಪೂರ್ತಿ ಒಮ್ಮೆ ನೋಡಿ. ಏನನ್ನೂ ಕತ್ತರಿಸಬೇಡಿ. ಎಲ್ಲಿ ಮೈ ಜುಮ್ಮೆಂದಿತು, ಎಲ್ಲಿ ಬೇಸರ ಬಂತು ಎಂದು ಟೈಮ್‌ಕೋಡ್ (ಎಷ್ಟನೇ ನಿಮಿಷ, ಎಷ್ಟನೇ ಸೆಕೆಂಡ್) ಸಮೇತ ಬರೆದುಕೊಳ್ಳಿ. ಹತ್ತನೇ ಸಲ ನೋಡುವಾಗ ಆ ಮೊದಲ ಸ್ಪಂದನೆ ಮತ್ತೆ ಸಿಗುವುದಿಲ್ಲ. ಕೊನೆಯಲ್ಲಿ, ನೋಡುವವರ ಮನಸ್ಸಿನಲ್ಲಿ ಏನು ಉಳಿಯಬೇಕು ಎಂಬುದನ್ನು ಒಂದೇ ಪದದಲ್ಲಿ ಬರೆದು ಮಾನಿಟರ್ ಪಕ್ಕ ಅಂಟಿಸಿ.

ಹಂತ 2: ಯಾವುದರ ಪಕ್ಕ ಯಾವುದು?

ಸುಮಾರು ನೂರು ವರ್ಷದ ಹಿಂದೆ ರಷ್ಯಾದ ಲೆವ್ ಕುಲೆಶೋವ್ ಒಂದು ಪ್ರಯೋಗ ಮಾಡಿದರು. ನಟನೊಬ್ಬನ ಭಾವವಿಲ್ಲದ ಮುಖದ ಶಾಟನ್ನು ಒಮ್ಮೆ ಸೂಪಿನ ಬಟ್ಟಲಿನ ಜೊತೆ, ಒಮ್ಮೆ ಶವಪೆಟ್ಟಿಗೆಯ ಜೊತೆ ಜೋಡಿಸಿದರು. ಮುಖ ಒಂದೇ. ಆದರೆ ನೋಡಿದವರು ಒಂದರಲ್ಲಿ ಹಸಿವು ಕಂಡರು, ಇನ್ನೊಂದರಲ್ಲಿ ದುಃಖ ಕಂಡರು ಎನ್ನುತ್ತಾರೆ. ಇವತ್ತಿಗೂ ಇದು ಕುಲೆಶೋವ್ ಎಫೆಕ್ಟ್ ಎಂದೇ ಹೆಸರಾಗಿದೆ.

ನಮ್ಮ ಹುಡುಗಿಯ ಮುಖದ ನಂತರ ಅರ್ಧ ತುಂಬಿದ ಸೂಟ್‌ಕೇಸ್ ತೋರಿಸಿ. ಅವಳು ಎಲ್ಲಿಗೋ ಹೊರಟಿದ್ದಾಳೆ. ಸೂಟ್‌ಕೇಸ್ ಬದಲು ಇಬ್ಬರಿಗೆಂದು ಇಟ್ಟ ಎರಡು ಲೋಟ ತೋರಿಸಿ. ಯಾರೋ ಬರುವುದಿಲ್ಲ. ನಟಿಗೆ ಅಳು ಅಂತ ಹೇಳಬೇಕಾಗಿಯೇ ಇಲ್ಲ, ಅಲ್ವಾ? ಒಂದು ದೃಶ್ಯ ಕೆಲಸ ಮಾಡದಿದ್ದರೆ ಶಾಟ್‌ಗಳ ಜಾಗ ಅದಲುಬದಲು ಮಾಡಿ ನೋಡಿ. ಎಷ್ಟೋ ಸಲ ಮತ್ತೆ ಶೂಟ್ ಮಾಡುವ ಕೆಲಸವೇ ತಪ್ಪುತ್ತದೆ.

ಹಂತ 3: ಶಾಟ್ ಎಷ್ಟು ಹೊತ್ತು ನಿಲ್ಲಬೇಕು?

ಇಲ್ಲಿ ಆತುರ ಬೇಡ. ಚುಟುಕು ಶಾಟ್‌ಗಳು ಒಂದರ ಹಿಂದೆ ಒಂದು ಬಂದರೆ ಗಡಿಬಿಡಿ, ಭಯ, ಉತ್ಸಾಹ. ಉದ್ದದ ಶಾಟ್‌ನಲ್ಲಿ ಕಣ್ಣಿಗೆ ಅಲೆದಾಡಲು ಸಮಯ ಸಿಗುತ್ತದೆ. ನೆಮ್ಮದಿಯೋ ಒಂಟಿತನವೋ ಕಾಡತೊಡಗುತ್ತದೆ. ಆದರೆ ಎಲ್ಲ ಶಾಟ್‌ಗಳೂ ಒಂದೇ ಉದ್ದವಿದ್ದರೆ ಯಾವ ಮೂಡೂ ಹುಟ್ಟುವುದಿಲ್ಲ. ಐದು ಚಿಕ್ಕ ಶಾಟ್‌ಗಳ ನಂತರ ಬರುವ ಒಂದು ಉದ್ದದ ಶಾಟ್ ಇದೆಯಲ್ಲ, ಅದರ ಭಾರವೇ ಬೇರೆ.

ಹಾಲಿವುಡ್ ಎಡಿಟರ್ ವಾಲ್ಟರ್ ಮರ್ಚ್ ಒಳ್ಳೆಯ ಕಟ್ ಯಾವುದು ಅನ್ನುವುದಕ್ಕೆ ಆರು ಅಳತೆ ಕೊಟ್ಟಿದ್ದಾರೆ. ಅದರಲ್ಲಿ ಭಾವಕ್ಕೆ ಶೇ 51, ಕಥೆಗೆ ಶೇ 23, ಲಯಕ್ಕೆ ಶೇ 10. ಉಳಿದ ಮೂರು, ಅಂದರೆ ನೋಡುವವರ ಕಣ್ಣು ಎಲ್ಲಿದೆ, ಶಾಟ್‌ಗಳ ನಡುವೆ ಜಾಗ ಹೊಂದುತ್ತದೆಯೇ ಎನ್ನುವಂಥವು, ಸೇರಿ ಶೇ 16. ಹಿಂದಿನ ಶಾಟ್‌ನಲ್ಲಿ ಕೈ ಮೇಲಿತ್ತು, ಇದರಲ್ಲಿ ಕೆಳಗಿದೆ ಎಂದು ಒಳ್ಳೆಯ ಟೇಕ್ ಬಿಸಾಡುವವರು ಈ ಲೆಕ್ಕ ನೆನಪಿಡಬೇಕು.

ಅವರದೇ ಒಂದು ಅಭ್ಯಾಸ ನನಗೆ ತುಂಬಾ ಇಷ್ಟ. ಶಾಟ್ ಓಡಿಸಿ, ಸಾಕು ಅನ್ನಿಸಿದ ಕಡೆ ಬಟನ್ ಒತ್ತಿ ಗುರುತು ಹಾಕಿ. ಮತ್ತೆ ಮೊದಲಿನಿಂದ ಓಡಿಸಿ, ಮತ್ತೆ ಒತ್ತಿ. ಎರಡೂ ಸಲ ಅದೇ ಫ್ರೇಮಿಗೆ, ಅಂದರೆ ವಿಡಿಯೊದ ಅದೇ ಒಂದು ಸ್ಥಿರ ಚಿತ್ರಕ್ಕೆ, ಬಿದ್ದರೆ ಕಟ್ ಅಲ್ಲೇ. ಅರ್ಧ ಸೆಕೆಂಡ್ ಹಿಂದೆ ಮುಂದೆ ಆದರೆ, ಆ ಶಾಟ್ ಯಾಕೆ ಅಲ್ಲಿದೆ ಎಂದು ನಿಮಗಿನ್ನೂ ಗೊತ್ತಾಗಿಲ್ಲ.

ಹಂತ 4: ಸೌಂಡನ್ನು ಚಿತ್ರದಿಂದ ಬಿಡಿಸಿ

ಚಿತ್ರ ಮತ್ತು ಸೌಂಡ್ ಒಟ್ಟಿಗೇ ಕಟ್ ಆದರೆ ಗೋಡೆಗೆ ಬಡಿದ ಹಾಗೆ ಇರುತ್ತದೆ. ಮುಂದಿನ ದೃಶ್ಯದ ರೈಲಿನ ಸದ್ದು ಹುಡುಗಿಯ ಮುಖದ ಮೇಲೇ ಶುರುವಾಗಲಿ. ಆಮೇಲೆ ರೈಲು ಕಾಣಲಿ. ಇದು ಜೆ ಕಟ್. ಮನಸ್ಸು ಆಗಲೇ ಹೊರಟುಬಿಟ್ಟಿದೆ ಎಂದು ನೋಡುವವರಿಗೆ ತಾನಾಗಿ ಹೊಳೆಯುತ್ತದೆ. ಹಿಂದಿನ ದೃಶ್ಯದ ಮಾತು ಮುಂದಿನ ಚಿತ್ರದ ಮೇಲೂ ಮುಂದುವರಿದರೆ ಎಲ್ ಕಟ್. ನೆನಪು ಬೆನ್ನು ಹತ್ತಿ ಬಂದ ಹಾಗೆ. ಮೌನ ಬೇಕಾದ ಕಡೆ ಸೌಂಡ್ ಪೂರ್ತಿ ಆಫ್ ಮಾಡಬೇಡಿ, ಫೈಲ್ ಕೆಟ್ಟಿದೆ ಅನ್ನಿಸುತ್ತದೆ. ಶೂಟಿಂಗ್ ದಿನವೇ ಖಾಲಿ ಕೋಣೆಯ ಸದ್ದನ್ನು ಅರ್ಧ ನಿಮಿಷ ರೆಕಾರ್ಡ್ ಮಾಡಿಟ್ಟುಕೊಂಡು ಅದನ್ನೇ ಬಳಸಿ.

ಹಂತ 5: ಹಾಡಿದ್ದರೆ ಬೀಟ್ ಲೆಕ್ಕ ಹಾಕಿ

120 ಬಿಪಿಎಂ (ನಿಮಿಷಕ್ಕೆ 120 ಬೀಟ್) ಹಾಡಿನಲ್ಲಿ ಅರ್ಧ ಸೆಕೆಂಡಿಗೊಂದು ಬೀಟ್. ಸೆಕೆಂಡಿಗೆ 24 ಫ್ರೇಮ್ ಇರುವ ಟೈಮ್‌ಲೈನ್‌ನಲ್ಲಿ (ಸಾಫ್ಟ್‌ವೇರ್‌ನಲ್ಲಿ ಶಾಟ್‌ಗಳನ್ನು ಜೋಡಿಸುವ ಪಟ್ಟಿ) ಅದು 12 ಫ್ರೇಮ್. 90 ಬಿಪಿಎಂ ಆದರೆ 16 ಫ್ರೇಮ್. ಎಲ್ಲ ಬೀಟ್‌ಗೂ ಮಾರ್ಕರ್ ಹಾಕಿ, ಆದರೆ ಎಲ್ಲ ಮಾರ್ಕರ್‌ಗೂ ಕಟ್ ಹಾಕಬೇಡಿ. ಶುರುವಿನಲ್ಲಿ ನಾನು ಒಂದು ಹಾಡಿಗೆ ಹಾಗೆಯೇ ಮಾಡಿದ್ದೆ. ಒಂದೇ ನಿಮಿಷದಲ್ಲಿ ಮುಂದಿನ ಕಟ್ ಎಲ್ಲಿ ಎಂದು ಎಲ್ಲರಿಗೂ ಗೊತ್ತಾಗುತ್ತಿತ್ತು. ಹಾಡು ಸತ್ತುಹೋಯಿತು.

ಪಲ್ಲವಿಗೆ ಮುಂಚೆ ಒಂದು ಶಾಟನ್ನು ಉದ್ದಕ್ಕೆ ಹಿಡಿದಿಡಿ, ಬೀಟ್ ಬಿದ್ದಾಗ ಬಿಡಿ. ಕೆಲವು ಕಡೆ ಗಾಯಕಿ ಉಸಿರು ತೆಗೆದುಕೊಳ್ಳುವ ಜಾಗಕ್ಕೆ ಕಟ್ ಮಾಡಿ. ಕಟ್ ತಡವಾದಂತೆ ಕಂಡರೆ ಒಂದೆರಡು ಫ್ರೇಮ್ ಹಿಂದಕ್ಕೆ ತನ್ನಿ.

ಸ್ಲೋ ಮೋಷನ್‌ನಲ್ಲೂ ತುಟಿ ಹಾಡಿಗೆ ಹೊಂದಬೇಕಾ? ಸೆಟ್‌ನಲ್ಲಿ ಹಾಡನ್ನು ಎರಡು ಪಟ್ಟು ವೇಗದಲ್ಲಿ ಹಾಕಿ, 48 ಫ್ರೇಮ್‌ನಲ್ಲಿ ಶೂಟ್ ಮಾಡಿ, 24ರಲ್ಲಿ ಓಡಿಸಿ. ತುಟಿ ಹಾಡಿನ ಜೊತೆಗೇ ಇರುತ್ತದೆ, ಕೂದಲು ಮಾತ್ರ ನಿಧಾನವಾಗಿ ತೇಲುತ್ತದೆ. ಕನಸಿನಂಥ ಮೂಡಿಗೆ ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಗೊತ್ತಿಲ್ಲ.

ಹಂತ 6: ಡಿಸಾಲ್ವ್, ಕಲರ್

ಒಂದು ಚಿತ್ರ ಮಸುಕಾಗುತ್ತಾ ಇನ್ನೊಂದು ಮೂಡಿಬರುವುದೇ ಡಿಸಾಲ್ವ್. ಅದಕ್ಕೆ ಸಾಮಾನ್ಯವಾಗಿ ಕಾಲ ಸರಿಯಿತು ಎಂದು ಅರ್ಥ. ಕಟ್ ಸರಿಯಾಗಿಲ್ಲ ಎಂದು ಅದನ್ನು ಹಾಕಬೇಡಿ. ಕಲರ್ ಗ್ರೇಡಿಂಗ್ (ಬಣ್ಣ ತಿದ್ದುವ ಕೆಲಸ) ಮಾಡುವಾಗ ಮಾನಿಟರ್ ಪಕ್ಕ ಅಂಟಿಸಿದ ಆ ಪದವನ್ನು ಮತ್ತೊಮ್ಮೆ ನೋಡಿ.

ಹಂತ 7: ಬೇರೆಯವರಿಗೆ ತೋರಿಸಿ

ಒಂದು ದಿನ ಬಿಟ್ಟು, ಮೊದಲು ಸೌಂಡ್ ಇಲ್ಲದೆ ನೋಡಿ. ಆಮೇಲೆ ಕಣ್ಣು ಮುಚ್ಚಿ ಕೇಳಿ. ನಂತರ ಕಥೆ ಗೊತ್ತಿಲ್ಲದ ಒಬ್ಬರನ್ನು ಕೂರಿಸಿ ತೋರಿಸಿ. ಏನನ್ನೂ ವಿವರಿಸಬೇಡಿ, ಪರದೆಯನ್ನೂ ನೋಡಬೇಡಿ. ಅವರ ಮುಖವನ್ನೇ ನೋಡಿ. ಅವರು ಕುರ್ಚಿಯಲ್ಲಿ ಮಗ್ಗುಲು ಬದಲಿಸಿದಾಗ ಟೈಮ್‌ಕೋಡ್ ಎಷ್ಟಿತ್ತು ಎಂದು ಬರೆದುಕೊಳ್ಳಿ. ನಾಳೆ ಕೆಲಸ ಅಲ್ಲಿಂದ ಶುರು.