ಗಾಲ್ಫ್ ಚೆಂಡನ್ನು ಕೊಯ್ದು ನೋಡಿ: ಪದರಗಳನ್ನು ಓದೋದು ಹೇಗೆ

ಗಾಲ್ಫ್ ಚೆಂಡಿನ ಡಬ್ಬಿ ಕೈಗೆತ್ತಿಕೊಂಡರೆ ಮೊದಲು ಕಣ್ಣಿಗೆ ಬೀಳೋದು 'ತ್ರೀ ಪೀಸ್', 'ಫೋರ್ ಪೀಸ್', 'ಫೈವ್ ಪೀಸ್' ಅನ್ನೋ ಮಾತು. ಪದರ ಜಾಸ್ತಿಯಾದಷ್ಟೂ ಚೆಂಡು ಒಳ್ಳೆಯದು ಅಂತ ನಾನೂ ತುಂಬಾ ದಿನ ನಂಬಿದ್ದೆ. ಒಂದು ದಿನ, ಗೀರು ಬಿದ್ದು ಮೂಲೆ ಸೇರಿದ್ದ ಆರೇಳು ಚೆಂಡುಗಳನ್ನು ಗರಗಸದಿಂದ ಹೋಳು ಮಾಡಿ ಸಾಲಾಗಿ ಇಟ್ಟೆ. ಆ ನಂಬಿಕೆ ಅಲ್ಲಿಗೇ ಹೋಯಿತು. ಪದರ ಎಷ್ಟಿವೆ ಅನ್ನೋದಕ್ಕಿಂತ ಮೆತ್ತಗಿರೋದು ಎಲ್ಲಿದೆ, ಗಟ್ಟಿಯಾಗಿರೋದು ಎಲ್ಲಿದೆ, ಯಾವುದರ ಕೆಳಗೆ ಯಾವುದು ಕೂತಿದೆ ಅನ್ನೋದರಲ್ಲೇ ಎಲ್ಲಾ ಇದೆ. ನೀವೂ ಒಮ್ಮೆ ಕೊಯ್ದು ನೋಡಿ.

ಕೊಯ್ಯೋದು

ಮೊದಲು ಅದು ಯಾವ ಕಾಲದ ಚೆಂಡು ಅಂತ ನೋಡಿಕೊಳ್ಳಿ. ತುಂಬಾ ಹಳೆಯದಾದರೆ ಅದರ ತಂಟೆಗೆ ಹೋಗಬೇಡಿ. 1898ರಲ್ಲಿ ಅಮೆರಿಕದ ಕೋಬರ್ನ್ ಹ್ಯಾಸ್ಕೆಲ್ ರಬ್ಬರ್ ದಾರವನ್ನು ಎಳೆದು ಬಿಗಿಯಾಗಿ ಸುತ್ತಿ ಚೆಂಡು ಮಾಡುವ ದಾರಿ ಕಂಡುಕೊಂಡ, ಆ ಬಗೆಯ ಚೆಂಡು ಹೆಚ್ಚುಕಡಿಮೆ ನೂರು ವರ್ಷ ಮೆರೆಯಿತು. ಅಂಥ ಕೆಲವು ಚೆಂಡುಗಳ ನಡುವೆ ದ್ರವ ತುಂಬಿದ ಪುಟ್ಟ ಗುಂಡು ಇರುತ್ತದೆ. ಸುತ್ತಿದ ದಾರ ಅದನ್ನು ಅದುಮಿ ಹಿಡಿದಿರುವುದರಿಂದ ಗರಗಸ ತಾಗಿದ ಕೂಡಲೇ ಕಣ್ಣಿಗೆ ಚಿಮ್ಮಬಹುದು. ಈಗಿನ ಗಟ್ಟಿ ತಿರುಳಿನ ಚೆಂಡುಗಳಲ್ಲಿ ಈ ಭಯವಿಲ್ಲ. ಆದರೂ ಕಣ್ಣಿಗೆ ರಕ್ಷಣೆಯ ಕನ್ನಡಕ ಇರಲಿ.

ಚೆಂಡನ್ನು ಕೈಯಲ್ಲಿ ಹಿಡಿದು ಕೊಯ್ಯಲು ಹೋಗಬೇಡಿ. ನಾನು ಹೋಗಿದ್ದೆ, ಗುಂಡಗಿನ ವಸ್ತು ಎಷ್ಟು ಚೆನ್ನಾಗಿ ಜಾರುತ್ತದೆ ಅಂತ ಹೆಬ್ಬೆರಳಿನ ಬುಡದ ಗಾಯ ಇವತ್ತಿಗೂ ಹೇಳುತ್ತದೆ. ಬೆಂಚ್ ವೈಸ್‌ನಲ್ಲಿ ಎರಡು ಮರದ ತುಂಡುಗಳ ನಡುವೆ ಚೆಂಡನ್ನು ಕಚ್ಚಿಸಿ, ಮಾರ್ಕರ್‌ನಿಂದ ಸರಿಯಾಗಿ ನಡುವಿಗೆ ಸುತ್ತಲೂ ಗೆರೆ ಎಳೆದು, ಸಣ್ಣ ಹಲ್ಲಿನ ಹ್ಯಾಕ್ಸಾ ಬ್ಲೇಡಿನಿಂದ ನಿಧಾನವಾಗಿ ಕೊಯ್ಯಿರಿ. ಅವಸರ ಮಾಡಿದರೆ ಬ್ಲೇಡು ಬಿಸಿಯಾಗಿ ಹೊರಗಿನ ಪ್ಲಾಸ್ಟಿಕ್ ಕರಗಿ ಮೆತ್ತಿಕೊಳ್ಳುತ್ತದೆ, ಆಮೇಲೆ ಪದರಗಳ ಗೆರೆಯೇ ಕಾಣಿಸಲ್ಲ. ಗೆರೆಯಿಂದ ಆಚೀಚೆ ಹೋದರೆ ಪದರಗಳು ನಿಜಕ್ಕಿಂತ ದಪ್ಪ ಕಾಣುತ್ತವೆ, ಅಳತೆ ಸುಳ್ಳಾಗುತ್ತದೆ.

ಕೊಯ್ದ ಮೇಲೆ 120ರ ಸ್ಯಾಂಡ್‌ಪೇಪರ್, ಆಮೇಲೆ 240, ಕೊನೆಗೆ 400. ನೀರು ಹಾಕಿ ಉಜ್ಜಿ. ಈಗ ಉಂಗುರಗಳು ಅಚ್ಚುಕಟ್ಟಾಗಿ ಎದ್ದು ಕಾಣುತ್ತವೆ. ನೀಲಿ, ಹಸಿರು, ಕಿತ್ತಳೆ ಅಂತ ತಿರುಳಿನ ಬಣ್ಣ ನೋಡಿ ಮರುಳಾಗಬೇಡಿ. ಬಣ್ಣ ಸುಮ್ನೆ ಗುರುತಿಗೆ ಹಾಕಿದ್ದು, ಅದರಿಂದ ಚೆಂಡು ಒಂದು ಗಜವೂ ಹೆಚ್ಚಿಗೆ ಹೋಗಲ್ಲ.

ಒಳಗಿನ ಗುಂಡು

ನಡುವಿನ ದೊಡ್ಡ ಗುಂಡೇ ಕೋರ್. ಚೆಂಡಿನ ಬಹುಪಾಲು ಅದೇ. ವರ್ನಿಯರ್ (ಮಿ.ಮೀ.ನ ಭಾಗಗಳನ್ನೂ ಅಳೆಯುವ ಅಳತೆಗೋಲು) ಇಟ್ಟು ನೋಡಿದರೆ ಸಾಮಾನ್ಯವಾಗಿ 38ರಿಂದ 39 ಮಿ.ಮೀ. ಆಸುಪಾಸು ಬರುತ್ತದೆ. ಅದು ಪಾಲಿಬ್ಯೂಟಡೀನ್ ಅನ್ನೋ ಕೃತಕ ರಬ್ಬರ್. ಇದರಲ್ಲಿ ಝಿಂಕ್ ಡೈಆಕ್ರಿಲೇಟ್ ಮತ್ತು ಸ್ವಲ್ಪ ಪೆರಾಕ್ಸೈಡ್ ಬೆರೆಸಿ, ಬಿಸಿ ಅಚ್ಚಿನಲ್ಲಿ ಒತ್ತಿ ಬೇಯಿಸುತ್ತಾರೆ. ಪೆರಾಕ್ಸೈಡ್ ಒಡೆದು ರಬ್ಬರಿನ ಎಳೆಗಳನ್ನು ಒಂದಕ್ಕೊಂದು ಕಟ್ಟಿಹಾಕುತ್ತದೆ. ಈ ಕಟ್ಟು ಬಿದ್ದ ಮೇಲೇ ಅದಕ್ಕೆ ಪುಟಿಯುವ ಗುಣ ಬರೋದು.

ಇಲ್ಲಿ ಒಂದು ಲೆಕ್ಕ ನನಗೆ ತುಂಬಾ ಇಷ್ಟ. ನಿಯಮದ ಪ್ರಕಾರ ಚೆಂಡಿನ ವ್ಯಾಸ 42.67 ಮಿ.ಮೀ.ಗಿಂತ ಕಡಿಮೆ ಇರಬಾರದು, ತೂಕ 45.93 ಗ್ರಾಂಗಿಂತ ಜಾಸ್ತಿ ಇರಬಾರದು. ಎರಡೂ ಅಂಚಿನಲ್ಲಿ ನಿಂತ ಚೆಂಡಿನ ಗಾತ್ರ ಸುಮಾರು 40.7 ಘನ ಸೆಂಟಿಮೀಟರ್, ಅಂದರೆ ಪ್ರತಿ ಘನ ಸೆಂಟಿಮೀಟರಿಗೆ 1.13 ಗ್ರಾಂ. ಆದರೆ ಬರೀ ಪಾಲಿಬ್ಯೂಟಡೀನ್ ನೀರಿಗಿಂತ ಹಗುರ! ಹಾಗಾಗಿ ತೂಕ ತುಂಬಲು ಝಿಂಕ್ ಆಕ್ಸೈಡ್, ಬೇರಿಯಂ ಸಲ್ಫೇಟ್ ಥರದ ಭಾರದ ಪುಡಿ ಸೇರಿಸಲೇಬೇಕು. ಈ ಭಾರವನ್ನು ಎಲ್ಲಿ ಇಡ್ತೀರಿ ಅನ್ನೋದೂ ವಿನ್ಯಾಸವೇ. ಭಾರ ಹೊರಗಿನ ಪದರದಲ್ಲಿದ್ದರೆ ಚೆಂಡು ಗಿರಗಿರ ತಿರುಗಲು ಶುರು ಮಾಡೋದು ಕಷ್ಟ, ಆದರೆ ಒಮ್ಮೆ ತಿರುಗಿದರೆ ಆ ವೇಗ ಬೇಗ ಇಳಿಯಲ್ಲ. ನಡುವಿನಲ್ಲಿದ್ದರೆ ಇದರ ಉಲ್ಟಾ. ಹೀಗಾಗಿ ಕೆಲವರು ಹೊರಪದರಕ್ಕೆ ಟಂಗ್‌ಸ್ಟನ್ ಪುಡಿ ಬೆರೆಸೋದೂ ಉಂಟು.

ಒಂದು ದಪ್ಪ ಸೂಜಿ ತಗೊಂಡು ಕೊಯ್ದ ಮುಖದ ಮೇಲೆ ಒತ್ತಿ ನೋಡಿ. ಮೊದಲು ಸರಿಯಾಗಿ ನಡುವಿನಲ್ಲಿ, ಆಮೇಲೆ ಕೋರಿನ ಅಂಚಿನ ಹತ್ತಿರ. ಒಳ್ಳೆಯ ಚೆಂಡುಗಳು ಬಹಳಷ್ಟರಲ್ಲಿ ನಡುವೆ ಮೆತ್ತಗೆ, ಅಂಚಿಗೆ ಹೋದಂತೆ ಗಟ್ಟಿ ಅಂತ ಕೈಗೇ ಗೊತ್ತಾಗುತ್ತದೆ. ಒಂದೇ ರಬ್ಬರಿನಲ್ಲಿ ಬೇಯಿಸುವ ಹದದಿಂದ ಇದನ್ನು ಸಾಧಿಸುತ್ತಾರೆ, ಇಲ್ಲವೇ ಎರಡು ಬೇರೆ ಬೇರೆ ರಬ್ಬರಿನ ಕೋರ್ ಮಾಡುತ್ತಾರೆ. ಎರಡನೇ ದಾರಿ ಹಿಡಿದರೆ ಡಬ್ಬಿಯ ಮೇಲೆ ಒಂದು 'ಪೀಸ್' ಹೆಚ್ಚಾಯಿತು, ಅಷ್ಟೇ. ಪದರ ಎಣಿಸಿ ಚೆಂಡಿಗೆ ಬೆಲೆ ಕಟ್ಟೋದು ಯಾಕೆ ಸರಿಯಲ್ಲ ಅಂತ ಇಲ್ಲೇ ಗೊತ್ತಾಗುತ್ತೆ, ಅಲ್ವಾ?

ನಡುವಿನ ಪದರ, ಹೊರಗಿನ ಸಿಪ್ಪೆ

ಕೋರ್ ಸುತ್ತ ತೆಳ್ಳಗೆ ಉಂಗುರ ಕಂಡರೆ ಅದು ಮ್ಯಾಂಟಲ್, ದಪ್ಪ ಸುಮಾರು 1 ಮಿ.ಮೀ. ಸಾಮಾನ್ಯವಾಗಿ ಅಯನೋಮರ್ ಅನ್ನೋ ಗಟ್ಟಿ ಪ್ಲಾಸ್ಟಿಕ್. ಸರ್ಲಿನ್ ಅನ್ನೋ ಹೆಸರು ಕೇಳಿರ್ತೀರಿ, ಅದೂ ಇದೇ ಜಾತಿ. ಅಚ್ಚಿನಲ್ಲಿ ಕೋರನ್ನು ಸಣ್ಣ ಪಿನ್ನುಗಳು ಗಾಳಿಯಲ್ಲಿ ಎತ್ತಿ ಹಿಡಿದಿರುತ್ತವೆ. ಸುತ್ತ ಕರಗಿದ ಪ್ಲಾಸ್ಟಿಕ್ ತುಂಬಿ, ಅದು ಗಟ್ಟಿಯಾಗುವ ಹೊತ್ತಿಗೆ ಪಿನ್ನುಗಳು ಹಿಂದೆ ಸರಿಯುತ್ತವೆ. ಅಲ್ಲಿ ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಕೋರ್ ಒಂದು ಪಕ್ಕಕ್ಕೆ ವಾಲುತ್ತದೆ. ನಿಮ್ಮ ಹೋಳಿನಲ್ಲಿ ಉಂಗುರ ಒಂದು ಕಡೆ ದಪ್ಪ, ಎದುರು ಕಡೆ ತೆಳು ಇದೆಯಾ ಅಂತ ವರ್ನಿಯರ್‌ನಿಂದ ನಾಲ್ಕು ಕಡೆ ಅಳೆಯಿರಿ.

ಹೊರಗಿನ ಸಿಪ್ಪೆ, ಅಂದರೆ ಕವರ್, ಎರಡು ಬಗೆ. ಅಯನೋಮರ್ ಅಥವಾ ಯುರೆಥೇನ್. ಉಗುರಿನಿಂದ ಅಂಚನ್ನು ಒತ್ತಿ ನೋಡಿ. ಅಯನೋಮರ್ ಜಾರುತ್ತದೆ, ಗುರುತು ಬೀಳಲ್ಲ. ಯುರೆಥೇನ್ ಒಂಚೂರು ಒಳಕ್ಕೆ ಬಗ್ಗಿ ಹಿಡಿದಂತಾಗುತ್ತದೆ. ಎರಡು ಪದರದ ಚೆಂಡಿನಲ್ಲಿ ಅಯನೋಮರ್ ಕವರ್ ದಪ್ಪಗೆ, 1.5ರಿಂದ 2 ಮಿ.ಮೀ. ಇರುತ್ತದೆ. ಯುರೆಥೇನ್ ಕವರ್ ಮಾತ್ರ 1 ಮಿ.ಮೀ. ಕೂಡ ಇರಲ್ಲ. ಅದು ಮೆತ್ತಗಿನ ವಸ್ತು, ದಪ್ಪ ಹಾಕಿದರೆ ಹೊಡೆತದ ಶಕ್ತಿಯನ್ನು ತಾನೇ ನುಂಗಿಬಿಡುತ್ತದೆ. ದುಬಾರಿ ಚೆಂಡುಗಳಲ್ಲಿ ಯುರೆಥೇನನ್ನು ದ್ರವವಾಗಿ ಅರ್ಧ ಅಚ್ಚುಗಳಿಗೆ ಸುರಿದು, ಅದು ಗಟ್ಟಿಯಾಗುವಷ್ಟರಲ್ಲಿ ಒಳಚೆಂಡನ್ನು ಕೂರಿಸಿ, ಮೇಲಿನ ಅರ್ಧ ಮುಚ್ಚುತ್ತಾರೆ. ಕೆಲಸ ನಿಧಾನ, ಹದ ತಪ್ಪಿದರೆ ಚೆಂಡು ಕಸದ ಬುಟ್ಟಿಗೆ. ಬೆಲೆಯ ಗುಟ್ಟಿನಲ್ಲಿ ಇದೂ ಒಂದು.

ಹಾಗಾದರೆ ಇಷ್ಟೆಲ್ಲಾ ಪದರ ಯಾಕೆ

ಹಿಂದೆ ಆಟಗಾರರಿಗೆ ಒಂದು ಇಕ್ಕಟ್ಟು ಇತ್ತು. ಬಲಾಟಾ ಅನ್ನೋ ರಬ್ಬರಿನಂಥ ಮೆತ್ತಗಿನ ವಸ್ತುವಿನ ಕವರಿದ್ದ, ದಾರ ಸುತ್ತಿದ ಚೆಂಡು ಗ್ರೀನ್ (ಕುಳಿಯ ಸುತ್ತಲಿನ ನುಣುಪು ಹುಲ್ಲುಹಾಸು) ಮೇಲೆ ಚೆನ್ನಾಗಿ ನಿಲ್ಲುತ್ತಿತ್ತು, ಆದರೆ ಐರನ್ (ಲೋಹದ ತೆಳು ತಲೆಯ ಕ್ಲಬ್) ಸ್ವಲ್ಪ ತಪ್ಪಾಗಿ ತಾಗಿದರೆ ಸಿಪ್ಪೆ ಬಾಯಿ ಬಿಡುತ್ತಿತ್ತು. ಅಯನೋಮರ್ ಕವರಿನ ಎರಡು ಪದರದ ಚೆಂಡು ದೂರ ಹೋಗುತ್ತಿತ್ತು, ಬಾಳಿಕೆಯೂ ಚೆನ್ನಾಗಿತ್ತು, ಆದರೆ ಗ್ರೀನ್ ಮೇಲೆ ಬಿದ್ದರೆ ನಿಲ್ಲುವ ಮಾತೇ ಇಲ್ಲ. ಮೂರು ಪದರದ ಯುರೆಥೇನ್ ಚೆಂಡು ಈ ಎರಡನ್ನೂ ಒಟ್ಟಿಗೆ ತಂದಿತು. 2000ರ ಅಕ್ಟೋಬರ್‌ನಲ್ಲಿ ಟೈಟ್ಲಿಸ್ಟ್ ಕಂಪನಿಯ ಪ್ರೊ ವಿ1 ಚೆಂಡು ಪಿಜಿಎ ಟೂರ್‌ಗೆ (ಅಮೆರಿಕದ ವೃತ್ತಿಪರ ಗಾಲ್ಫ್ ಟೂರ್ನಿಗಳ ಸರಣಿ) ಬಂದ ಮೇಲೆ ದಾರದ ಚೆಂಡು ನೋಡನೋಡುತ್ತಲೇ ಕಾಣೆಯಾಯಿತು.

ಇದು ಕೆಲಸ ಮಾಡೋದು ಹೀಗೆ. ಡ್ರೈವರ್ (ತುಂಬಾ ದೂರ ಹೊಡೆಯುವ ಕ್ಲಬ್) ಹೊಡೆತದಲ್ಲಿ ಕ್ಲಬ್ ಮತ್ತು ಚೆಂಡು ಕೂಡಿ ಇರೋದು ಅರ್ಧ ಮಿಲಿಸೆಕೆಂಡಿನಷ್ಟು ಹೊತ್ತು, ಅಷ್ಟರಲ್ಲಿ ಚೆಂಡು ಕೋರಿನವರೆಗೂ ಚಪ್ಪಟೆಯಾಗುತ್ತದೆ. ಒಳಗೆ ಮೆತ್ತಗೆ, ಅದರ ಸುತ್ತ ಗಟ್ಟಿ ಇದ್ದರೆ ಸ್ಪಿನ್, ಅಂದರೆ ಚೆಂಡು ಗಿರಗಿರ ತಿರುಗೋದು, ಕಡಿಮೆ. ವೆಜ್ (ಹತ್ತಿರದಿಂದ ಚೆಂಡನ್ನು ಎತ್ತರಕ್ಕೆ ಹೊಡೆಯುವ ಕ್ಲಬ್) ಹೊಡೆತದಲ್ಲಿ ಕೋರಿಗೆ ಅಷ್ಟು ಕೆಲಸವಿಲ್ಲ. ಮೆತ್ತಗಿನ ಕವರ್ ಒಂದು ಕಡೆ ಕ್ಲಬ್‌ನ ಗೀರುಗಳು, ಇನ್ನೊಂದು ಕಡೆ ಗಟ್ಟಿ ಮ್ಯಾಂಟಲ್, ಇವೆರಡರ ನಡುವೆ ಸಿಕ್ಕಿಕೊಂಡು ಹಿಡಿತ ಕೊಡುತ್ತದೆ. ಹಾಗಾಗಿ ಒಂದೇ ಚೆಂಡು ಡ್ರೈವರ್‌ಗೆ ನಿಮಿಷಕ್ಕೆ 2,500ರ ಸುಮಾರು ಸುತ್ತು, ವೆಜ್‌ಗೆ 9,000ಕ್ಕೂ ಜಾಸ್ತಿ ಸುತ್ತು ತಿರುಗಬಲ್ಲದು. ನಾಲ್ಕನೆಯ, ಐದನೆಯ ಪದರಗಳು ಮಾಡೋದು ಮಧ್ಯದ ಐರನ್‌ಗಳಿಗೆ ಇದೇ ಹೊಂದಾಣಿಕೆಯನ್ನು ಇನ್ನಷ್ಟು ನಯಗೊಳಿಸೋದು. ನಿಜ ಹೇಳಬೇಕಂದರೆ, ನನ್ನಂಥವರ ಕೈಗೆ ಆ ವ್ಯತ್ಯಾಸ ಸಿಗೋದು ಕಷ್ಟ. ಎರಡರಿಂದ ಮೂರು ಪದರಕ್ಕೆ ಹೋದಾಗ ಸಿಗುತ್ತದೆ, ಅದೂ ಕವರ್ ಯುರೆಥೇನ್ ಆಗಿದ್ದರೆ ಮಾತ್ರ. ಅಯನೋಮರ್ ಕವರಿನ ಮೂರು ಪದರದ ಚೆಂಡುಗಳೂ ಇವೆ, ಹುಷಾರು.

ಆದ್ದರಿಂದ ಡಬ್ಬಿ ತಿರುಗಿಸಿ ಮೊದಲು 'ಯುರೆಥೇನ್' ಅನ್ನೋ ಪದ ಹುಡುಕಿ. ಆಮೇಲೆ ಕಂಪ್ರೆಷನ್. ಅದು ಒತ್ತಿದಾಗ ಚೆಂಡು ಎಷ್ಟು ಅದುಮಿಕೊಳ್ಳುತ್ತದೆ ಅನ್ನೋದರ ಅಳತೆ, ಸಂಖ್ಯೆ ಕಡಿಮೆ ಇದ್ದರೆ ಮೆತ್ತಗೆ. ಚಳಿಯಲ್ಲಿ ರಬ್ಬರ್ ಬಿಗಿಯುವುದರಿಂದ ಅದೇ ಚೆಂಡು ಇನ್ನೂ ಗಟ್ಟಿ ಅನ್ನಿಸುತ್ತದೆ. ಪದರದ ಸಂಖ್ಯೆ ನೋಡೋದು ಕೊನೆಗೆ. ಅಂಗಳದಲ್ಲಿ ಪರೀಕ್ಷೆ ಮಾಡುವಾಗಲೂ ಡ್ರೈವರ್‌ನಿಂದ ಶುರು ಮಾಡಬೇಡಿ. ಗ್ರೀನ್ ಪಕ್ಕದಿಂದ ಎರಡು ಬಗೆಯ ಚೆಂಡನ್ನು ಹತ್ತತ್ತು ಸಲ ಚಿಪ್ ಮಾಡಿ (ಮೆಲ್ಲಗೆ ಎತ್ತಿ ಹೊಡೆದು), ಬಿದ್ದಲ್ಲಿಂದ ಎಷ್ಟು ಉರುಳಿತು ನೋಡಿ, ಆಮೇಲೆ ಹಿಂದಕ್ಕೆ ಬನ್ನಿ.

ಕೊಯ್ಯದೆ ಪರೀಕ್ಷೆ

ಹೊಸ ಚೆಂಡು ಕೊಯ್ಯಲು ಮನಸ್ಸು ಬರಲ್ಲ ಅಂದರೆ ಉಪ್ಪುನೀರಿದೆ. ಒಂದು ಲೀಟರ್ ನೀರಿಗೆ 250 ಗ್ರಾಂ ಉಪ್ಪು ಪೂರ್ತಿ ಕರಗಿಸಿ. ಈ ನೀರು 1.13ಕ್ಕಿಂತ ಒಂಚೂರು ಭಾರ, ಚೆಂಡು ತೇಲುತ್ತದೆ. ಇನ್ನೂ ಮುಳುಗಿದರೆ ಒಂದೆರಡು ಚಮಚ ಉಪ್ಪು ಸೇರಿಸಿ. ಮೇಲೆ ಕಾಣುವ ಜಾಗಕ್ಕೆ ಚುಕ್ಕೆ ಇಟ್ಟು, ಬೆರಳಿನಿಂದ ಬೇರೆ ಬೇರೆ ದಿಕ್ಕಿಗೆ ತಿರುಗಿಸಿ ಬಿಡಿ. ಐದಾರು ಸಲವೂ ಅದೇ ಚುಕ್ಕೆ ಬೇಗನೆ ಮೇಲಕ್ಕೆ ಬಂದರೆ ಒಳಗಿನ ಗುಂಡು ಒಂದು ಕಡೆ ವಾಲಿದೆ, ಇಲ್ಲವೇ ಯಾವುದೋ ಪದರದ ದಪ್ಪ ಸಮನಾಗಿಲ್ಲ ಅಂತ ಅರ್ಥ. ನಿಧಾನವಾಗಿ ಎಲ್ಲೆಲ್ಲೋ ನಿಂತರೆ ಚೆಂಡು ಸರಿಯಾಗಿದೆ. ಪರೀಕ್ಷೆ ಮುಗಿದ ಮೇಲೆ ಸಿಹಿನೀರಿನಲ್ಲಿ ತೊಳೆದು ಒರೆಸಿ. ಇಲ್ಲದಿದ್ದರೆ ಗುಳಿಗಳಲ್ಲಿ ಉಪ್ಪು ಕೂತು ಬಿಳಿ ಕಲೆಯಾಗುತ್ತದೆ.