ಎದೆನೋವಿನಿಂದ ಕಾಲಿನ ಬಾವಿನವರೆಗೆ: ಪ್ರಾದೇಶಿಕ ಆಸ್ಪತ್ರೆಯ ಹೃದಯ ಮತ್ತು ರಕ್ತನಾಳ ವಿಭಾಗ

ಮನೆಯಲ್ಲಿ ಬಿಪಿ, ಶುಗರ್ ಅಥವಾ ಹಳೆಯ ಹೃದಯದ ಕಾಯಿಲೆ ಇರುವವರಿದ್ದರೆ, ಹೊಸ ದೇಶಕ್ಕೆ ವಲಸೆ ಬಂದಿಳಿದ ಮೊದಲ ವಾರದಲ್ಲೇ ಹತ್ತಿರದ ಪ್ರಾದೇಶಿಕ ಆಸ್ಪತ್ರೆಗೆ ಫೋನ್ ಮಾಡಿ ಎರಡು ವಿಷಯ ಕೇಳಿಟ್ಟುಕೊಳ್ಳಿ. ಅಲ್ಲಿ ಕ್ಯಾತ್ ಲ್ಯಾಬ್ ಇದೆಯೇ? ಇದ್ದರೆ ರಾತ್ರಿ, ರಜಾ ದಿನಗಳಲ್ಲೂ ನಡೆಯುತ್ತದೆಯೇ? ಆಂಜಿಯೋಗ್ರಾಮ್ ಮಾಡಿ, ಕಟ್ಟಿಕೊಂಡ ರಕ್ತನಾಳವನ್ನು ಬಲೂನಿನಿಂದ ತೆರೆದು ಸ್ಟೆಂಟ್ ಕೂರಿಸುವ ಕೋಣೆ ಅದು. ಈ ಗಾತ್ರದ ಆಸ್ಪತ್ರೆಗಳಲ್ಲಿ ಕೆಲವಕ್ಕೆ ದಿನದ 24 ಗಂಟೆಯೂ ತಂಡ ಇರುತ್ತದೆ, ಕೆಲವಕ್ಕೆ ಹಗಲು ಮಾತ್ರ, ಕೆಲವಕ್ಕೆ ಇರುವುದೇ ಇಲ್ಲ. ಬೈಪಾಸ್, ಕವಾಟ ಬದಲಾವಣೆಯಂಥ ಶಸ್ತ್ರಚಿಕಿತ್ಸೆಗೆ ಸಾಮಾನ್ಯವಾಗಿ ದೊಡ್ಡಾಸ್ಪತ್ರೆಗೇ ಕಳಿಸುತ್ತಾರೆ. ಹಾಗಂತ ಎದೆನೋವು ಬಂದಾಗ ನೇರ ದೊಡ್ಡಾಸ್ಪತ್ರೆಗೇ ಕಾರು ಓಡಿಸುವುದು ತಪ್ಪು ಲೆಕ್ಕ. ಯಾರನ್ನು ಎಲ್ಲಿಗೆ ಒಯ್ಯಬೇಕೆಂಬುದು ಆಂಬುಲೆನ್ಸ್‌ನವರಿಗೆ ಗೊತ್ತಿರುತ್ತದೆ.

ಎದೆ ಹಿಡಿದುಕೊಂಡಾಗ

ಎದೆಯ ನಡುವೆ ಹಿಂಡಿದಂತೆ ನೋವು ಅಥವಾ ಭಾರ, ತೋಳು, ದವಡೆ, ಬೆನ್ನಿಗೆ ಹಬ್ಬುವ ನೋವು, ತಣ್ಣನೆಯ ಬೆವರು: ಇವು ಎಲ್ಲರಿಗೂ ಗೊತ್ತಿರುವ ಲಕ್ಷಣ. ಹೆಂಗಸರಲ್ಲಿ, ವಯಸ್ಸಾದವರಲ್ಲಿ, ಬಹಳ ವರ್ಷದಿಂದ ಶುಗರ್ ಇರುವವರಲ್ಲಿ ನೋವೇ ಇಲ್ಲದೆ ಬರೀ ಏದುಸಿರು, ವಿಪರೀತ ಸುಸ್ತು, ಹೊಟ್ಟೆ ತೊಳೆಸುವಿಕೆ ಮಾತ್ರ ಕಾಣಿಸಬಹುದು. ‘ಗ್ಯಾಸ್ ಇರಬೇಕು, ಸ್ವಲ್ಪ ಹೊತ್ತು ನೋಡೋಣ’ ಎಂದು ಕಳೆದ ಎರಡು ಗಂಟೆಯಲ್ಲಿ ಸತ್ತ ಹೃದಯದ ಸ್ನಾಯು ಮತ್ತೆ ಬೆಳೆಯುವುದಿಲ್ಲ. ನಮ್ಮ ಉಪಖಂಡದ ಮೂಲದವರಿಗೆ ಹೃದಯಾಘಾತ ಬೇರೆಯವರಿಗಿಂತ ಕೆಲವು ವರ್ಷ ಮೊದಲೇ ಬರುತ್ತದೆ. ಆದ್ದರಿಂದ ನಲವತ್ತೈದರ ವಯಸ್ಸು ಧೈರ್ಯಕ್ಕೆ ಕಾರಣವಾಗದಿರಲಿ.

ನೀವಿರುವ ಜಾಗದ ತುರ್ತು ಸಂಖ್ಯೆಗೆ ಕರೆ ಮಾಡಿ, ರೋಗಿಯನ್ನು ಕೂರಿಸಿ, ಮುಂಬಾಗಿಲಿನ ಚಿಲಕ ತೆಗೆದಿಡಿ. ಅಲರ್ಜಿ, ರಕ್ತಸ್ರಾವದ ತೊಂದರೆ ಇಲ್ಲದಿದ್ದರೆ 300 ಮಿ.ಗ್ರಾಂ. ಆಸ್ಪಿರಿನ್ ಅಗಿದು ನುಂಗಲು ಕರೆ ತೆಗೆದುಕೊಂಡವರೇ ಹೇಳುವುದುಂಟು. ಅಗಿದರೆ ಬೇಗ ರಕ್ತಕ್ಕೆ ಸೇರುತ್ತದೆ. ಎದೆನೋವಿಗೆ ನಾಲಿಗೆ ಕೆಳಗಿಡುವ ನೈಟ್ರೇಟ್ ಮಾತ್ರೆಯನ್ನು, ಲೈಂಗಿಕ ದೌರ್ಬಲ್ಯಕ್ಕೆ ನುಂಗುವ ಸಿಲ್ಡೆನಾಫಿಲ್ (ವಯಾಗ್ರ) ತೆಗೆದುಕೊಂಡ 24 ಗಂಟೆಯೊಳಗೆ, ಅದೇ ಬಗೆಯ ಟಡಾಲಾಫಿಲ್ ಆದರೆ 48 ಗಂಟೆಯೊಳಗೆ, ಇಡಲೇಬಾರದು. ಬಿಪಿ ಕುಸಿದು ಹೋಗುತ್ತದೆ. ನಾಚಿಕೆಯಿಂದ ಇದನ್ನು ಮುಚ್ಚಿಡುವವರಿದ್ದಾರೆ, ಮುಚ್ಚಿಡಬೇಡಿ.

ಆಂಬುಲೆನ್ಸ್‌ಗೇ ಯಾಕೆ ಕಾಯಬೇಕು ಎಂದರೆ, ಬಹಳ ಕಡೆ ಇಸಿಜಿ ಅದರೊಳಗೇ ಆಗುತ್ತದೆ, ನೀವು ತಲುಪುವ ಮೊದಲೇ ಕ್ಯಾತ್ ಲ್ಯಾಬ್ ತಂಡಕ್ಕೆ ಸುದ್ದಿ ಹೋಗಿರುತ್ತದೆ. ದಾರಿಯಲ್ಲಿ ಹೃದಯ ನಿಂತರೆ ಶಾಕ್ ಕೊಡುವ ಯಂತ್ರವೂ ಕೈಯಳತೆಯಲ್ಲಿರುತ್ತದೆ. ಹೇಗೋ ನೀವೇ ತಲುಪಿದಿರಿ ಎನ್ನಿ. ಹೆಸರು, ವಿಳಾಸಕ್ಕಿಂತ ಮೊದಲು ‘ಎದೆನೋವು’ ಎಂದು ಹೇಳಿ. ಬಂದ 10 ನಿಮಿಷದೊಳಗೆ ಇಸಿಜಿ ಆಗಬೇಕು. ಅದು ಸರಿ ಇದೆ ಎಂದಾಕ್ಷಣ ಎದ್ದು ಹೊರಡಬೇಡಿ. ಹೃದಯದ ಸ್ನಾಯುವಿಗೆ ಪೆಟ್ಟಾದರೆ ರಕ್ತದಲ್ಲಿ ಟ್ರೊಪೊನಿನ್ ಏರುತ್ತದೆ, ಆದರೆ ಏರಲು ಸಮಯ ಬೇಕು. ಅದಕ್ಕೇ ಕೆಲವು ಗಂಟೆ ಬಿಟ್ಟು ಎರಡನೇ ಸಲ ರಕ್ತ ತೆಗೆಯುತ್ತಾರೆ.

ದೊಡ್ಡ ರಕ್ತನಾಳ ಪೂರ್ತಿ ಮುಚ್ಚಿದ್ದರೆ, ಕ್ಯಾತ್ ಲ್ಯಾಬ್ ಇರುವ ಆಸ್ಪತ್ರೆ 90 ನಿಮಿಷದೊಳಗೆ ಅದನ್ನು ತೆರೆಯುವ ಗುರಿ ಇಟ್ಟುಕೊಳ್ಳುತ್ತದೆ. ಬೇರೆ ಆಸ್ಪತ್ರೆಗೆ ಒಯ್ದು ತೆರೆಯಲು 120 ನಿಮಿಷ ದಾಟುವಂತಿದ್ದರೆ, ಹೆಪ್ಪು ಕರಗಿಸುವ ಇಂಜೆಕ್ಷನ್ ಅಲ್ಲೇ ಕೊಟ್ಟು ಆಮೇಲೆ ಕಳಿಸುತ್ತಾರೆ. ‘ಇಲ್ಲಿ ಕೈಚೆಲ್ಲಿ ಸಾಗಹಾಕಿದರು’ ಎಂದು ಮನೆಯವರು ಸಿಟ್ಟಾಗುವುದು ಸಾಮಾನ್ಯ, ಆದರೆ ಆ ಹೊತ್ತಿನಲ್ಲಿ ಅದೇ ಸರಿಯಾದ ಕ್ರಮ. ಇಂಜೆಕ್ಷನ್ನಿಗೆ ಮೊದಲು ಹಳೆಯ ಪಾರ್ಶ್ವವಾಯು, ಇತ್ತೀಚಿನ ಆಪರೇಷನ್, ತಲೆಗೆ ಪೆಟ್ಟು, ರಕ್ತವಾಂತಿ ಇವನ್ನೆಲ್ಲ ಕೇಳುತ್ತಾರೆ. ಒಂದನ್ನು ಮರೆತರೂ ಮೆದುಳಿನಲ್ಲಿ ರಕ್ತಸ್ರಾವದ ಅಪಾಯ.

ಕಡತ

ವಲಸೆ ಬಂದವರ ಚಿಕಿತ್ಸೆ ಹೆಚ್ಚಾಗಿ ಎಡವುವುದು ಇಲ್ಲೇ. ಮಾತ್ರೆಯ ಕಂಪನಿ ಹೆಸರು ಗಡಿ ದಾಟಿದರೆ ಯಾರಿಗೂ ಗೊತ್ತಿರುವುದಿಲ್ಲ. ಒಂದೇ ಮಾತ್ರೆಯಲ್ಲಿ ಎರಡು ಮೂರು ಔಷಧ ಸೇರಿದ್ದರಂತೂ ಇನ್ನೂ ಗೊಂದಲ. ಒಳಗಿನ ಪ್ರತಿ ಔಷಧದ ಹೆಸರು, ಮಿ.ಗ್ರಾಂ., ಹೊತ್ತು ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆದಿಡಿ. ಮಾತ್ರೆಯ ಖಾಲಿ ಸ್ಟ್ರಿಪ್‌ಗಳನ್ನೂ ಇಟ್ಟುಕೊಳ್ಳಿ. ತಜ್ಞರ ಭೇಟಿಗೆ ವಾರಗಟ್ಟಲೆ ಕಾಯಬೇಕಾಗಬಹುದು, ಆದ್ದರಿಂದ ಮಾತ್ರೆ ಮುಗಿಯುವ ತಿಂಗಳ ಮೊದಲೇ ಕುಟುಂಬ ವೈದ್ಯರನ್ನು ಕಾಣಿ.

ಹಳೆಯ ಆಂಜಿಯೋಗ್ರಾಮಿನ ವರದಿ ಮಾತ್ರವಲ್ಲ, ಚಿತ್ರಗಳಿರುವ ಸಿಡಿಯನ್ನೂ ತನ್ನಿ. ‘ಶೇ. 70 ಅಡಚಣೆ’ ಎಂಬ ಸಾಲನ್ನು ಹೊಸ ವೈದ್ಯರು ಕಣ್ಣಾರೆ ನೋಡದೆ ಒಪ್ಪುವುದಿಲ್ಲ. ಸ್ಟೆಂಟ್ ಕಾರ್ಡ್ ಬೇಕು. ಪೇಸ್‌ಮೇಕರ್ ಇದ್ದರೆ ಅದರ ಕಾರ್ಡ್ ಇನ್ನೂ ಮುಖ್ಯ, ಏಕೆಂದರೆ ಒಂದು ಕಂಪನಿಯ ಸಾಧನವನ್ನು ಇನ್ನೊಂದರ ಯಂತ್ರ ಓದುವುದಿಲ್ಲ. ಲೋಹದ ಕವಾಟವಿದ್ದು ಹೆಪ್ಪು ತಡೆಯುವ ವಾರ್ಫರಿನ್ ನುಂಗುತ್ತಿದ್ದರೆ ಬಂದ ಕೂಡಲೇ ಐಎನ್ಆರ್ (ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯದ) ಪರೀಕ್ಷೆ ಮಾಡಿಸಿ, ಆಹಾರ ಬದಲಾದರೆ ಅದು ಏರುಪೇರಾಗುತ್ತದೆ. ಹೃದಯದ ಕವಾಟ ಕೆಡಿಸಬಲ್ಲ ಸಂಧಿವಾತ ಜ್ವರದ (ರುಮ್ಯಾಟಿಕ್ ಫೀವರ್) ಹಿನ್ನೆಲೆಯಿಂದ ಮೂರು ನಾಲ್ಕು ವಾರಕ್ಕೊಮ್ಮೆ ಪೆನಿಸಿಲಿನ್ ಚುಚ್ಚಿಸಿಕೊಳ್ಳುತ್ತಿರುವ ಯುವಕರು, ಯುವತಿಯರು ಅದನ್ನು ಮೊದಲ ಭೇಟಿಯಲ್ಲೇ ಹೇಳಬೇಕು. ಈ ಕಾಯಿಲೆ ಅಪರೂಪವಾದ ಕಡೆ ವೈದ್ಯರು ತಾವಾಗಿ ಕೇಳುವುದಿಲ್ಲ.

ಲ್ಯಾಬಿನ ಅಂಕಿಗಳೂ ಬೇರೆ ಅಳತೆಯಲ್ಲಿರಬಹುದು. ಎಲ್‌ಡಿಎಲ್ (ಕೆಟ್ಟ ಕೊಲೆಸ್ಟರಾಲ್) 70 ಎಂಬುದು 1.8 ಎಂದು, ಖಾಲಿ ಹೊಟ್ಟೆಯ ಶುಗರ್ 126 ಎಂಬುದು 7.0 ಎಂದು, ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ ಶೇ. 7 ಎಂಬುದು 53 ಎಂದು ಬರುತ್ತದೆ. ಶುಗರ್ 7 ಎಂದು ನೋಡಿ ‘ಇಷ್ಟು ಕಡಿಮೆಯೇ’ ಎಂದು ಗಾಬರಿಯಾಗಿ ಮಾತ್ರೆ ಬಿಟ್ಟರೆ ಎಡವಟ್ಟು.

ಮಕ್ಕಳನ್ನು ದುಭಾಷಿಯಾಗಿ ಕೂರಿಸಬೇಡಿ. ಮುಂಚಿತವಾಗಿ ಕೇಳಿದರೆ ಬಹಳಷ್ಟು ಆಸ್ಪತ್ರೆಗಳು ಫೋನ್ ಮೂಲಕವಾದರೂ ಭಾಷಾಂತರಕಾರರನ್ನು ಒದಗಿಸುತ್ತವೆ.

ಆಂಜಿಯೋಗ್ರಾಮ್ ದಿನ

ಎಕೋಗೆ (ಹೃದಯದ ಅಲ್ಟ್ರಾಸೌಂಡ್) ಉಪವಾಸ ಬೇಡ, ಎಡ ಮಗ್ಗುಲಲ್ಲಿ ಮಲಗಿ ಅರ್ಧ ಮುಕ್ಕಾಲು ಗಂಟೆ ಸಾಕು. ಆಂಜಿಯೋಗ್ರಾಮಿಗೆ ತಯಾರಿ ಹೆಚ್ಚು. ಎಷ್ಟು ಹೊತ್ತು ಹೊಟ್ಟೆ ಖಾಲಿ ಇಡಬೇಕು, ಯಾವ ಮಾತ್ರೆ ಬಿಡಬೇಕು ಎಂದು ಅವರು ಬರೆದು ಕೊಟ್ಟದ್ದನ್ನೇ ಪಾಲಿಸಿ. ಕಿಡ್ನಿ ದುರ್ಬಲವಾಗಿದ್ದರೆ ಶುಗರ್ ಮಾತ್ರೆ ಮೆಟ್‌ಫಾರ್ಮಿನ್ ಅನ್ನು 48 ಗಂಟೆ ನಿಲ್ಲಿಸಲು ಹೇಳಬಹುದು. ಹಿಂದೆ ಸ್ಕ್ಯಾನಿನ ಬಣ್ಣದ ದ್ರವಕ್ಕೆ ಮೈ ತುರಿಸಿದ್ದರೆ ಮೊದಲೇ ತಿಳಿಸಿ. ಬಳೆ, ಉಂಗುರ, ವಾಚು ಮನೆಯಲ್ಲೇ ಇರಲಿ.

ಈಗ ಹೆಚ್ಚಾಗಿ ಮಣಿಕಟ್ಟಿನ ರಕ್ತನಾಳದಿಂದಲೇ ನಳಿಕೆ ಹಾಕುತ್ತಾರೆ. ರೋಗಿಗೆ ಎಚ್ಚರವಿರುತ್ತದೆ. ಬಣ್ಣದ ದ್ರವ ಬಿಟ್ಟಾಗ ಮೈಯೊಳಗೆ ಬಿಸಿ ಹರಿದಂತಾಗಿ, ಕೆಲವರಿಗೆ ಮೂತ್ರ ಹೋಯಿತೇನೋ ಅನ್ನಿಸುತ್ತದೆ. ಹೋಗಿರುವುದಿಲ್ಲ, ಅರ್ಧ ನಿಮಿಷದಲ್ಲಿ ಆ ಬಿಸಿ ಇಳಿಯುತ್ತದೆ. ಮುಗಿದ ಮೇಲೆ ಗಾಳಿ ತುಂಬಿದ ಪಟ್ಟಿ ಕಟ್ಟಿ, ಸ್ವಲ್ಪ ಸ್ವಲ್ಪವೇ ಗಾಳಿ ಬಿಡುತ್ತಾರೆ. ಕೆಲವು ದಿನ ಆ ಕೈಯಲ್ಲಿ ಭಾರ ಎತ್ತಬೇಡಿ. ಮನೆಯಲ್ಲಿ ರಕ್ತ ಜಿನುಗಿದರೆ ಹೆಬ್ಬೆರಳಿನಿಂದ ಬಿಗಿಯಾಗಿ 10 ನಿಮಿಷ ಒತ್ತಿ, ನಡುವೆ ಎತ್ತಿ ನೋಡಬೇಡಿ, ನಿಲ್ಲದಿದ್ದರೆ ಆಂಬುಲೆನ್ಸ್.

ಸ್ಟೆಂಟ್ ಕೂರಿಸಿದ್ದರೆ ಆಸ್ಪಿರಿನ್ ಜೊತೆ ಕ್ಲೊಪಿಡೊಗ್ರೆಲ್‌ನಂಥ ಎರಡನೇ ಮಾತ್ರೆಯೂ ಇರುತ್ತದೆ, ಹೃದಯಾಘಾತದ ನಂತರವಾದರೆ ಸಾಮಾನ್ಯವಾಗಿ 12 ತಿಂಗಳು. ಹಲ್ಲು ಕೀಳಿಸಲು ಹೋದಾಗ ಯಾರೋ ‘ಐದು ದಿನ ನಿಲ್ಲಿಸಿ’ ಎಂದರೆಂದು ನಿಲ್ಲಿಸಿಬಿಟ್ಟರೆ ಸ್ಟೆಂಟಿನೊಳಗೇ ಹೆಪ್ಪುಗಟ್ಟಬಹುದು. ಹೃದ್ರೋಗ ತಜ್ಞರನ್ನು ಕೇಳದೆ ಒಂದು ದಿನವೂ ಬಿಡಬೇಡಿ.

ಕಾಲು ಮತ್ತು ಕತ್ತಿನ ರಕ್ತನಾಳ

ಸ್ವಲ್ಪ ದೂರ ನಡೆದರೆ ಮೀನಖಂಡ ಹಿಡಿದುಕೊಂಡು, ನಿಂತರೆ ಬಿಡುವ ನೋವನ್ನು ಮಂಡಿ ಸವೆತ ಎಂದುಕೊಂಡು ವರ್ಷಗಟ್ಟಲೆ ಮುಲಾಮು ಹಚ್ಚುವವರಿದ್ದಾರೆ. ಕಾಲಿನ ಹರಡಿನ ಬಿಪಿಯನ್ನು ತೋಳಿನ ಬಿಪಿಗೆ ಹೋಲಿಸುವ ನೋವಿಲ್ಲದ ಪರೀಕ್ಷೆ ಇದನ್ನು ಹಿಡಿಯುತ್ತದೆ. ಅನುಪಾತ 0.9 ಅಥವಾ ಕಡಿಮೆ ಬಂದರೆ ಕಾಲಿಗೆ ರಕ್ತ ಸಾಲುತ್ತಿಲ್ಲ. ಹಳೆಯ ಶುಗರ್‌ನವರಲ್ಲಿ ನಾಳ ಗಟ್ಟಿಯಾಗಿ ಅಂಕಿ 1.4 ದಾಟಬಹುದು, ಅದನ್ನು ಒಳ್ಳೆಯ ಸುದ್ದಿ ಎಂದುಕೊಳ್ಳದೆ ಕಾಲ್ಬೆರಳಿನ ಬಿಪಿ ಪರೀಕ್ಷೆ ಕೇಳಿ. ಉಬ್ಬಿದ ರಕ್ತನಾಳಕ್ಕೆ ಹಾಕುವ ಬಿಗಿ ಕಾಲುಚೀಲವನ್ನೂ ಈ ಪರೀಕ್ಷೆ ಮಾಡಿಸದೆ ಹಾಕಬೇಡಿ. ರಕ್ತ ಕಡಿಮೆ ಇರುವ ಕಾಲಿಗೆ ಅದು ಕೇಡು.

ದೀರ್ಘ ವಿಮಾನ ಪ್ರಯಾಣದ ನಂತರದ ದಿನಗಳಲ್ಲಿ ಒಂದೇ ಕಾಲು ಊದಿಕೊಂಡು ಬಿಸಿಯಾಗಿ ನೋಯುತ್ತಿದ್ದರೆ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು, ತಿಕ್ಕಬೇಡಿ. ಅದೇ ದಿನ ಅಲ್ಟ್ರಾಸೌಂಡ್ ಬೇಕು. ಜೊತೆಗೆ ಉಸಿರು ಕಟ್ಟಿದರೆ ನೇರ ತುರ್ತು ಚಿಕಿತ್ಸೆಗೆ. ಕಾಲು ಇದ್ದಕ್ಕಿದ್ದಂತೆ ತಣ್ಣಗಾಗಿ, ಬಿಳಿಚಿ, ಮರಗಟ್ಟಿದರೆ ಉಳಿಸಿಕೊಳ್ಳಲು ಸಿಗುವುದು ಸುಮಾರು 6 ಗಂಟೆ.

ಬಾಯಿ ಸೊಟ್ಟಗಾಗಿ, ಮಾತು ತೊದಲಿ ಹತ್ತು ನಿಮಿಷದಲ್ಲಿ ಸರಿಹೋದರೂ ಅಂದೇ ಹೋಗಿ. ಕತ್ತಿನ ರಕ್ತನಾಳದ ಅಡಚಣೆ ಪಾರ್ಶ್ವವಾಯುವಿಗೆ ಮೊದಲು ಹೀಗೆ ಸೂಚನೆ ಕೊಡಬಹುದು. ಸರಿಹೋಗದಿದ್ದರೆ, ಕೊನೆಯ ಬಾರಿ ಚೆನ್ನಾಗಿದ್ದ ಗಂಟೆ ಬರೆದುಕೊಳ್ಳಿ. ಹೆಪ್ಪು ಕರಗಿಸುವ ಔಷಧಕ್ಕೆ ಸಾಮಾನ್ಯವಾಗಿ 4.5 ಗಂಟೆಯ ಮಿತಿ.

ಮನೆಗೆ ಬಂದ ಮೇಲೆ

ಕಾರ್ಡಿಯಾಕ್ ರಿಹ್ಯಾಬ್‌ಗೆ (ನಿಗಾದಲ್ಲಿ ವ್ಯಾಯಾಮ ಮಾಡಿಸುವ ಹೃದಯದ ಪುನಶ್ಚೇತನ ತರಗತಿ) ಹೆಸರು ಬರೆಸದೆ ಡಿಸ್ಚಾರ್ಜ್ ಆಗಬೇಡಿ. ಯಂತ್ರ ಕಟ್ಟಿಕೊಂಡು ನಡೆಯುವುದು ಯಾಕೆ ಎಂದು ಬಿಡುವವರೇ ಹೆಚ್ಚು, ಆದರೆ ಮತ್ತೆ ಆಸ್ಪತ್ರೆ ಸೇರುವುದನ್ನು ಇದು ಕಡಿಮೆ ಮಾಡುತ್ತದೆ. ಹೃದಯ ವೈಫಲ್ಯ ಇರುವವರು ದಿನಾ ಬೆಳಿಗ್ಗೆ ಮೂತ್ರ ಮಾಡಿ ಬಂದು, ತಿನ್ನುವ ಮೊದಲು, ಅದೇ ತೂಕದ ಯಂತ್ರದ ಮೇಲೆ ನಿಂತು ಬರೆದಿಡಲಿ. ಮೂರು ದಿನದಲ್ಲಿ 2 ಕೆ.ಜಿ. ಏರಿದರೆ ಅದು ಕೊಬ್ಬಲ್ಲ, ನೀರು. ಕಾಲು ಬಾಯುವ ತನಕ ಕಾಯದೆ ಅಂದೇ ಹೃದಯ ವಿಭಾಗದ ನರ್ಸ್‌ಗೆ ಫೋನ್ ಮಾಡಿ.