ಆಕ್ಸಿಮೀಟರ್ ಕೂತು ನೋಡಿ, 6 ನಿಮಿಷ ನಡೆದು ಮತ್ತೆ ನೋಡಿ

ಕೊರೊನಾ ಬಂದು ಮನೆಯಲ್ಲೇ ಇರುವವರು ರಕ್ತದಲ್ಲಿ ಆಮ್ಲಜನಕ ಎಷ್ಟಿದೆ ಎಂದು ತೋರಿಸುವ ಆಕ್ಸಿಮೀಟರನ್ನು ಸುಮ್ನೆ ಕೂತು ಮಾತ್ರ ನೋಡಬೇಡಿ. ಮೊದಲು ಕೂತು ನೋಡಿ. ಆಮೇಲೆ ಕೋಣೆಯೊಳಗೇ 6 ನಿಮಿಷ ಎಂದಿನಂತೆ ನಡೆದು ಮತ್ತೆ ಬೆರಳಿಗೆ ಹಾಕಿ. ವಯಸ್ಸಾದವರಿಗೆ 3 ನಿಮಿಷ ಸಾಕು. ಆಮ್ಲಜನಕದ ಅಂಕಿ ಶೇ. 94ಕ್ಕಿಂತ ಕೆಳಗಿಳಿದರೆ, ಅಥವಾ ಮೊದಲಿಗಿಂತ 3ಕ್ಕೂ ಜಾಸ್ತಿ ಕುಸಿದರೆ ತಕ್ಷಣ ಡಾಕ್ಟರಿಗೆ ಹೇಳಿ. ಸೋಂಕು ಶ್ವಾಸಕೋಶಕ್ಕೆ ಇಳಿದಿದ್ದರೂ ಕೂತಾಗ ಎಷ್ಟೋ ಸಲ ಗೊತ್ತಾಗುವುದಿಲ್ಲ, ಮೈಗೆ ಕೆಲಸ ಕೊಟ್ಟಾಗಲೇ ಆಮ್ಲಜನಕದ ಕೊರತೆ ಬಯಲಾಗುವುದು. ಉಗುರಿಗೆ ಬಣ್ಣವಿದ್ದರೆ, ಬೆರಳು ತಣ್ಣಗಿದ್ದರೆ ಅಂಕಿ ನಂಬಬೇಡಿ. ಬಣ್ಣ ತೆಗೆದು, ಕೈ ಉಜ್ಜಿ ಬೆಚ್ಚಗೆ ಮಾಡಿಕೊಂಡು, ಅಂಕಿ ಒಂದೇ ಕಡೆ ನಿಲ್ಲುವವರೆಗೆ ಕಾಯಿರಿ. ಕೂತಾಗಲೇ 94 ಇಲ್ಲದವರು, ಅಸ್ತಮಾ ಇರುವವರು ಈ ನಡಿಗೆಯ ಸಾಹಸಕ್ಕೆ ಹೋಗಬೇಡಿ. ಸಲಹೆಗೆ ಕರ್ನಾಟಕದಲ್ಲಿ 104ಕ್ಕೆ ಫೋನ್ ಮಾಡಿ. ಉಸಿರು ಕಟ್ಟಿದಂತಾದರೆ ಅಂಕಿ ಎಷ್ಟೇ ಇರಲಿ, ನೇರ 108 ಆಂಬುಲೆನ್ಸ್‌ಗೆ ಫೋನ್ ಮಾಡಿ.